ಕಟ್ಟಿಗೆ ಕೋಣೆಯ ಬಾಣಂತಿ

ನಾನು ಅಜ್ಜನಾದದ್ದು ಬಸ್ಸಿನಿಂದ ಇಳಿಯುವಾಗ. ಒಂದು ಕಾಲು ಇನ್ನೂ ಬಸ್ಸಿನ ಮೆಟ್ಟಿಲ ಮೇಲಿತ್ತು. ಎದೆಗೆ ಒತ್ತಿ ಹಿಡಿದಿದ್ದ ಬೆತ್ತದ ಬುಟ್ಟಿಯಲ್ಲಿ, ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡ ನಮ್ಮ ಸಣ್ಣ ನಾಯಿ ನಿದ್ದೆ ಮಾಡುತ್ತಿತ್ತು. ಹೋಟೆಲಿನ ಎದುರು ನಿಂತಿದ್ದ ಯಾರೋ, "ಅಣ್ಣ, ಹೆಣ್ಣು! ಹೆಣ್ಣು!" ಎಂದು ಕೂಗಿದರು.

ನಾನು ಬುಟ್ಟಿಯೊಳಗೆ ನೋಡಿ, "ಹೌದು, ಹೆಣ್ಣೇ. ಅದಕ್ಕೇ ಅಲ್ವಾ ಆಪ್ರೇಷನ್" ಎಂದೆ.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರ್ ಕೂಡ ಸ್ಟೇರಿಂಗಿನ ಮೇಲೆ ತಲೆ ಇಟ್ಟು ನಕ್ಕ. ಆಮೇಲೆ ನನಗೆ ಗೊತ್ತಾಯಿತು. ಗೊತ್ತಾದ ಮೇಲೆ ನೆಲಕ್ಕೆ ಕಾಲು ಇಟ್ಟೆನೋ ಇಲ್ಲವೋ, ಇವತ್ತಿಗೂ ಹೇಳಲಾರೆ.

ನಮ್ಮದು ಅಳದಂಗಡಿಯ ಹತ್ತಿರ ರಸ್ತೆ ಬದಿಯ ಚಾ ಹೋಟೆಲು. ಎದುರು ಹೋಟೆಲು, ಹಿಂದೆ ಮನೆ, ನಡುವೆ ಕಟ್ಟಿಗೆಯೂ ತೆಂಗಿನಕಾಯಿಯೂ ತುಂಬಿಸುವ ಒಂದು ಕೋಣೆ. ನನ್ನ ಶಾಲೆ ಎರಡನೇ ಕ್ಲಾಸಿಗೇ ನಿಂತಿತ್ತು. ಅಕ್ಷರ ಬರುತ್ತದೆ, ಆದರೆ ಒಂದೊಂದೇ ಬರುತ್ತದೆ, ದನಗಳು ಓಣಿಯಲ್ಲಿ ಬರುವ ಹಾಗೆ. ಅರುವತ್ತರ ದಶಕದ ಕೊನೆಯ ವರ್ಷಗಳ ಈ ಸಂಗತಿಯನ್ನು ಬರೆಯುವಾಗ ಮಾತ್ರ ಅವು ಒಂದರ ಮೇಲೊಂದು ಬಿದ್ದು ಓಡಿ ಬರುತ್ತಿವೆ. ನಾನೇನು ಮಾಡಲಿ.

ನಾಯಿಯ ಕತೆ ಮೊದಲು ಹೇಳಬೇಕು. ಅದು ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು. ಒಂದು ಬೆಳಿಗ್ಗೆ ಒಲೆಗೆ ಕಟ್ಟಿಗೆ ತೆಗೆಯಲು ಹೋದಾಗ ಕೊರಡುಗಳ ಸಂದಿನಲ್ಲಿ ಮಲಗಿತ್ತು, ನನ್ನ ಅಂಗೈಯಷ್ಟು. ಮೈ ಬಿಳಿ, ಕಿವಿ ಮಾತ್ರ ಚಾದ ಬಣ್ಣ. ದೊಡ್ಡದಾದ ಮೇಲೂ ಬೆಕ್ಕಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹೆಸರು ಇಟ್ಟವರಿಲ್ಲ. ನಾನು ನಾಲಿಗೆಯಲ್ಲಿ ಒಂದು ಸದ್ದು ಮಾಡಿದರೆ ಬರುತ್ತಿತ್ತು, ಮಗಳು "ಬಾ ಅಮ್ಮಾ" ಎಂದರೆ ಬರುತ್ತಿತ್ತು, ಬೇರೆ ಯಾರು ಏನು ಕೂಗಿದರೂ ಬರುತ್ತಿರಲಿಲ್ಲ.

ಅಷ್ಟು ಸಣ್ಣ ಹೊಟ್ಟೆಯಲ್ಲಿ ವರ್ಷ ವರ್ಷ ಮರಿಗಳು. ಹಿಂದಿನ ಸಲ ಒಂದು ಮರಿ ಅಡ್ಡ ಸಿಕ್ಕಿ, ಎರಡು ಹಗಲು ನರಳಿ, ಕೊನೆಗೆ ಮೂಡಬಿದ್ರೆಯ ದನದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾಯಿತು. ಅಲ್ಲಿಗೆ ಘಟ್ಟದ ಮೇಲಿನಿಂದ ಹೊಸದಾಗಿ ಒಬ್ಬರು ಡಾಕ್ಟರು ಬಂದಿದ್ದರು. ಸತ್ತ ಮರಿಯನ್ನು ಹೊರಗೆ ತೆಗೆದು ಕೈ ತೊಳೆಯುತ್ತಾ, "ಇನ್ನೊಂದ್ಸಲ ಗಬ್ಬ ಆದ್ರೆ ಇದು ಉಳಿಯಲ್ಲ ಯಜಮಾನ್ರೇ. ಚೇತರಿಸ್ಕೊಂಡ ಮೇಲೆ ಕರ್ಕೊಂಡ್ ಬನ್ನಿ, ಗರ್ಭಕೋಶಾನೇ ತೆಗೆದುಬಿಡೋಣ" ಎಂದರು. ದನದ ಗೊರಸು, ಎಮ್ಮೆಯ ಕೆಚ್ಚಲು ಬಿಟ್ಟು ಬೇರೆ ಆಪ್ರೇಷನ್ ನಾವು ಕೇಳಿದವರಲ್ಲ. ನಾನು ಆಯಿತೆಂದು ತಲೆಯಾಡಿಸಿ ಬಂದು ಸುಮ್ಮನಿದ್ದೆ.

ಹಾಗೆ ಸುಮ್ಮನಿರಲು ಬಿಡದವಳು ಮಗಳು. ಅವಳನ್ನು ಮಾಣಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟದ್ದು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನವಿಡೀ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಬೆನ್ನು ಸವರುತ್ತಿದ್ದಳು. ಒಂದು ಸಂಜೆ ಹೇಳಿದಳು: "ಅಪ್ಪ, ನಾನು ಹೆರುವ ಮೊದಲು ಇದರದ್ದೊಂದು ಮುಗಿಸಿ ಬನ್ನಿ. ಆವತ್ತು ಇದು ನರಳಿದ್ದು ಅಮ್ಮ ಹೇಳಿದ್ದಾರೆ. ನನಗೆ ರಾತ್ರಿ ಎಲ್ಲ ಅದೇ ಕೇಳಿದ ಹಾಗೆ ಆಗ್ತದೆ."

ಮರುದಿನವೇ ಹೋಟೆಲಿನ ಬಾಗಿಲಿಗೆ ಹಲಗೆ ಹಾಕಿ ಬುಟ್ಟಿ ಹೊತ್ತೆ. ಹೆರಿಗೆಗೆ ಇನ್ನೂ ದಿನ ಉಂಟು ಎಂದು ಸೂಲಗಿತ್ತಿ ಹೇಳಿದ್ದಳು.

ಚಳಿಯ ತಿಂಗಳು. ಬಸ್ಸು ವೇಣೂರು ದಾಟುವಾಗ ಹೊಳೆಯ ಮೇಲೆ ಮಂಜು ನಿಂತಿತ್ತು. ಸೇತುವೆ ಎಲ್ಲಿ ಮುಗಿಯುತ್ತದೆ ಎಂದು ಕಾಣದೆ, ಬಸ್ಸು ಹಾಲಿನೊಳಗೆ ಹೋದ ಹಾಗೆ ಹೋಯಿತು. ನಾಯಿ ಬುಟ್ಟಿಯಿಂದ ಮೂಗು ಮಾತ್ರ ಹೊರಗೆ ಹಾಕಿತ್ತು.

"ಬುಟ್ಟಿಯಲ್ಲಿ ಎಂತ ಅಣ್ಣ, ಕೋಳಿಯಾ?" ಎಂದು ಕಂಡಕ್ಟರ್ ಕೇಳಿದ.

"ನಾಯಿ."

"ನಾಯಿಯನ್ನು ಸಂತೆಗೆ ಕೊಂಡು ಹೋಗುವುದು ಇದೇ ಮೊದಲು ನೋಡಿದ್ದು ನಾನು."

"ಸಂತೆಗಲ್ಲ ಮಾರಾಯ, ಆಸ್ಪತ್ರೆಗೆ. ಇನ್ನು ಮರಿ ಹಾಕದ ಹಾಗೆ ಆಪ್ರೇಷನ್."

ಆಗ ಊರಲ್ಲಿ ಗೋಡೆ ಸಿಕ್ಕಿದಲ್ಲೆಲ್ಲ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಯುತ್ತಿದ್ದ ಕಾಲ. ಕಂಡಕ್ಟರ್ ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಿದ: "ಕೇಳಿದ್ರಾ? ಸರ್ಕಾರದವರು ನಮ್ಮನ್ನು ಬಿಟ್ಟು ನಾಯಿಗಳನ್ನು ಹಿಡಿದಿದ್ದಾರೆ. ನಾವು ಬದುಕಿದೆವು!"

ಡಾಕ್ಟರು ನಾಯಿಯ ಮೂಗಿಗೆ ಔಷಧಿಯ ಬಟ್ಟೆ ಹಿಡಿದು ನಿದ್ದೆ ಬರಿಸಿದರು. ನನ್ನನ್ನು ಹೊರಗೆ ಕಳಿಸಿದರು. ಅಲ್ಲಿ ಒಂದು ಹಲಸಿನ ಮರ, ಅದರ ಬುಡದಲ್ಲಿ ಕಾಲು ಮುರಿದ ಒಂದು ಕರು ಮತ್ತು ಅದರ ಯಜಮಾನ. ನಾನು ಆಸ್ಪತ್ರೆಯ ಬಾಗಿಲು ನೋಡಿದೆ, ಅವನು ಕರುವಿನ ಕಾಲು ನೋಡಿದ. ಹಾಗೆಯೇ ಬಿಸಿಲು ಏರಿತು. ಆ ಹೊತ್ತಿಗೇ ಮನೆಯಲ್ಲಿ ಮಗಳಿಗೆ ನೋವು ಶುರುವಾಗಿತ್ತಂತೆ. ನನಗೆ ಏನೂ ತಿಳಿಯಲಿಲ್ಲ. ನನಗೆ ಒಂದು ಸಣ್ಣ ತೂಕಡಿಕೆ ಬಂತು. ಎಲ್ಲೋ ಯಾರೋ ತೊಟ್ಟಿಲು ತೂಗುವ ಹಾಗೆ ಹಲಸಿನ ಎಲೆ ಅಲ್ಲಾಡಿತು, ಅಷ್ಟು ನೆನಪು.

ಕರೆದಾಗ ಹೋದೆ. ಬುಟ್ಟಿಯೊಳಗೆ ನಾಯಿ ಬಟ್ಟೆಯ ಹಾಗೆ ಮಲಗಿತ್ತು. ಡಾಕ್ಟರು ಹೊಟ್ಟೆಯ ಹೊಲಿಗೆ ತೋರಿಸಿದರು.

"ನೆಕ್ಕೋಕೆ ಬಿಡ್ಬೇಡಿ. ಹಾರೋಕೆ ಬಿಡ್ಬೇಡಿ. ಬೆಚ್ಚಗಿಡಿ. ಮೆತ್ತನೆ ಊಟ ಕೊಡಿ. ಬರೋ ಶುಕ್ರವಾರ ಅಲ್ಲ, ಅದರ ಮುಂದಿನ ಶುಕ್ರವಾರ ಸಂತೆಗೆ ಬಂದಾಗ ತನ್ನಿ, ಹೊಲಿಗೆ ತೆಗೀತೀನಿ."

ಘಟ್ಟದ ಮೇಲಿನ ಕನ್ನಡ, ಬಹಳ ವೇಗ. ನನ್ನ ಮುಖ ನೋಡಿ ಅವರಿಗೆ ಅನುಮಾನ ಬಂದಿರಬೇಕು. ನಿಧಾನಕ್ಕೆ ಹೇಳಿದರು: "ಮನೇಲಿ ಹೆಂಗಸರಿಗೆ ಹೇಳಿ ಯಜಮಾನ್ರೇ. ಬಾಣಂತೀನ ಹೇಗೆ ನೋಡ್ಕೋತಾರೋ ಹಾಗೆ ನೋಡ್ಕೊಂಡ್ರೆ ಸಾಕು."

ಅದು ನನಗೆ ಪೂರ್ತಿ ಅರ್ಥವಾಯಿತು.

ಹಾಗೆ ಬುಟ್ಟಿ ಹೊತ್ತು ಬಂದು ಬಸ್ಸಿನಿಂದ ಇಳಿಯುವಾಗ ಅಜ್ಜನಾದದ್ದು. ಹೋಟೆಲಿನ ಬದಿಯಿಂದಲೇ ಮನೆಯ ಬಾಗಿಲಿಗೆ ಹೋದೆ. ಹೆಂಡತಿ ಬಾಗಿಲಲ್ಲಿ ಎರಡು ಕೈ ಅಡ್ಡ ಹಿಡಿದು ನಿಂತಳು.

"ನಿಲ್ಲಿ ಅಲ್ಲಿಯೇ."

"ಮಗಳು?"

"ಚೆನ್ನಾಗಿದ್ದಾಳೆ. ಮಗುವೂ ಚೆನ್ನಾಗಿ ಉಂಟು. ಮೂಗು ನಿಮ್ಮದೇ, ಪಾಪ."

"ನೋಡಬೇಕು ನನಗೆ."

"ಆ ಬುಟ್ಟಿ ಹೊತ್ತುಕೊಂಡಾ? ಮೈಯೆಲ್ಲ ಆಸ್ಪತ್ರೆಯ ವಾಸನೆ. ಹಸಿ ಗಾಯ ಮುಟ್ಟಿದ ಕೈಯಲ್ಲಿ ಹಸಿ ಮಗುವನ್ನು ಮುಟ್ಟುವುದು ಬೇಡ."

"ಮಿಂದು ಬರ್ತೇನೆ."

"ಈಗ ಮೀಯ್ತೀರಿ, ಮತ್ತೆ ಅದನ್ನು ಎತ್ತುತ್ತೀರಿ. ಮತ್ತೆ ಬಂದು ಮಗುವನ್ನು ಎತ್ತುತ್ತೀರಿ. ನಿಮ್ಮನ್ನು ನನಗೆ ಗೊತ್ತಿಲ್ವಾ? ಅದರ ಹೊಲಿಗೆ ಬಿಚ್ಚುವ ತನಕ ಬಾಣಂತಿ ಕೋಣೆಗೆ ಬರಬೇಡಿ."

ನಾನು ವಾದ ಮಾಡಲಿಲ್ಲ. ನಮ್ಮ ಮೊದಲ ಮಗು ಹೊಕ್ಕುಳು ಹಣ್ಣಾಗಿ, ಕೀವು ತುಂಬಿ ತೀರಿಹೋದದ್ದು. ಆ ವಿಷಯ ನಾವು ಮಾತಾಡುವುದಿಲ್ಲ. ಆದರೆ ಅವಳು ಬಾಗಿಲಿಗೆ ಕೈ ಅಡ್ಡ ಹಿಡಿದಾಗ ಅದೂ ಆ ಕೈಯಲ್ಲಿ ಇತ್ತು.

ನಾಯಿಯನ್ನು ಬೇರೆಯವರಿಗೆ ಒಪ್ಪಿಸುವ ಹಾಗೂ ಇರಲಿಲ್ಲ. ನೋವಿನಲ್ಲಿ ಅದು ನನ್ನ ಕೈ ಬಿಟ್ಟು ಬೇರೆ ಕೈ ಹತ್ತಿರ ಬಂದರೆ ಹಲ್ಲು ತೋರಿಸುತ್ತಿತ್ತು. ಮಗಳ ಕೈಯಾದರೆ ಆದೀತು, ಆದರೆ ಮಗಳೇ ಹಾಸಿಗೆಯಲ್ಲಿದ್ದಾಳೆ. ನಾನು ಮೊಮ್ಮಗಳನ್ನು ಎತ್ತಿಕೊಳ್ಳಬೇಕಾದರೆ ನಾಯಿ ಗುಣವಾಗಬೇಕು. ನಾಯಿ ಗುಣವಾಗಬೇಕಾದರೆ ನಾನು ಮೊಮ್ಮಗಳಿಂದ ದೂರ ಇರಬೇಕು. ತಮಾಷೆ ನೋಡಿ: ನಮ್ಮಲ್ಲಿ ಹೆರಿಗೆಯ ಅಮೆ, ಅಂದರೆ ಸೂತಕ, ತಾಯಿ ಕಡೆಯ ಕುಟುಂಬಕ್ಕೆ. ನಾನು ನನ್ನ ತಾಯಿಯ ಕುಟುಂಬದವ, ಹಾಗಾಗಿ ನನಗೆ ಅದು ಇರಲಿಲ್ಲ, ಹೋಟೆಲಿನ ಒಲೆ ಉರಿಸಿ ಊರಿಗೆಲ್ಲ ಚಾ ಕೊಡಬಹುದಿತ್ತು. ನನ್ನ ಮನೆಯ ಒಳಕೋಣೆಗೆ ಮಾತ್ರ ಪ್ರವೇಶವಿಲ್ಲ.

ಕಟ್ಟಿಗೆ ಕೋಣೆಯಲ್ಲಿ ಬೈಹುಲ್ಲು ಹರಡಿ, ಮೇಲೆ ಗೋಣಿ ಹಾಕಿ ಬುಟ್ಟಿ ಇಟ್ಟೆ. ನಾನೂ ಅಲ್ಲೇ ಒಂದು ಚಾಪೆ ಹಾಕಿಕೊಂಡೆ. ಆ ಕೋಣೆಗೂ ಬಾಣಂತಿಯ ಕೋಣೆಗೂ ನಡುವೆ ಒಂದೇ ಮಣ್ಣಿನ ಗೋಡೆ, ಅದೂ ಮೇಲಿನ ಹಂಚಿನ ಮಾಡಿನ ತನಕ ಮುಟ್ಟುತ್ತಿರಲಿಲ್ಲ. ಮೇಲಿನ ಸಂದಿನಿಂದ ಎಲ್ಲ ಬರುತ್ತಿತ್ತು: ಸಾಂಬ್ರಾಣಿಯ ಹೊಗೆ, ಕಾಯಿಸಿದ ಎಣ್ಣೆಯ ಪರಿಮಳ, ಓಲೆಬೆಲ್ಲ ಕರಗುವ ವಾಸನೆ, ಮಗಳ ನಗು, ಮತ್ತು ಆ ಮಗುವಿನ ಅಳು. ಅದನ್ನು ಅಳು ಎನ್ನಬಾರದು. ಹೊಸ ಬಾಗಿಲಿನ ತಿರುಗಣೆ ಸಣ್ಣಕೆ ಕಿರುಗುಟ್ಟಿದ ಹಾಗೆ. ಕೇಳಿದ ಕೂಡಲೇ ನಾನು ಚಾಪೆಯಿಂದ ಎದ್ದು ಕೂರುತ್ತಿದ್ದೆ. ನಾಯಿಯ ಚಾ ಬಣ್ಣದ ಕಿವಿಯೂ ಎದ್ದು ನಿಲ್ಲುತ್ತಿತ್ತು. ನಾವಿಬ್ಬರೂ ಒಂದೇ ಗೋಡೆಯ ಕಡೆ ನೋಡುತ್ತಿದ್ದೆವು.

ಬಾಣಂತಿಯ ಹಾಗೆ ನೋಡಬೇಕು ಎಂದಿದ್ದಾರೆ ಡಾಕ್ಟರು. ಅದು ಹೇಗೆಂದು ಕಲಿಯಲು ನಾನು ದೂರ ಹೋಗಬೇಕಾಗಿರಲಿಲ್ಲ. ಗೋಡೆಯ ಆಚೆ ಏನಾಗುತ್ತದೋ, ಸ್ವಲ್ಪ ಹೊತ್ತಿನ ನಂತರ ಈಚೆಯೂ ಆಯಿತು. ಆಚೆ ಮೆಂತೆ ಗಂಜಿ, ಈಚೆಯೂ ಮೆಂತೆ ಗಂಜಿ. ನಾಯಿ ಮೂಸಿ ಮುಖ ತಿರುಗಿಸಿತು. ಆಚೆ ಕರಿಮೆಣಸಿನ ಕಷಾಯ, ಈಚೆ ಅದರಲ್ಲಿ ಒಂದು ಚಮಚ. ನಾಯಿ ಸೀನಿತು, ಸೀನಿ ಸೀನಿ ಸುಸ್ತಾಗಿ ನನ್ನನ್ನು ಬಹಳ ಹೊತ್ತು ನೋಡಿತು. ಕೊನೆಗೆ ಬರೀ ಗಂಜಿಯ ತಿಳಿಗೆ ಸ್ವಲ್ಪ ತುಪ್ಪ ಹಾಕಿದರೆ ಕುಡಿಯಿತು.

ಗೋಡೆಯ ಆಚೆಯಿಂದ ಹೆಂಡತಿ ಕೇಳುತ್ತಿದ್ದಳು: "ನಿಮ್ಮ ಬಾಣಂತಿ ಹೇಗಿದ್ದಾಳೆ?"

"ಕುಡಿದಳು. ನಿನ್ನ ಬಾಣಂತಿ?"

"ಬೆಳ್ಳುಳ್ಳಿ ಬೇಡ ಅಂತ ಹಟ ಮಾಡ್ತಾಳೆ."

"ನನ್ನವಳೂ ಹಾಗೆಯೇ."

ಮಗಳ ನಗು ಗೋಡೆಯ ಮೇಲಿನಿಂದ ಹಾರಿ ಬರುತ್ತಿತ್ತು. "ಅಪ್ಪ, ಅದಕ್ಕೆ ಕಿವಿಗೆ ಹತ್ತಿ ಇಟ್ಟಿದ್ದೀರಾ?" ಎಂದು ಕೇಳಿದಳು ಒಮ್ಮೆ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದಲ್ಲ. ನಾನು ಹತ್ತಿ ಹುಡುಕಲು ಏಳುತ್ತಿದ್ದವ, ಆಮೇಲೆ ಕೂತೆ.

ಡಾಕ್ಟರು ಸುತ್ತಿದ ಪಟ್ಟಿಯನ್ನು ಅದು ಹಲ್ಲಿನಲ್ಲಿ ಎಳೆದು ಹಾಕಿತ್ತು. ನೆಕ್ಕಲು ಬಿಡಬಾರದು. ಏನು ಮಾಡುವುದೆಂದು ಕೇಳಿದಾಗ ಹೆಂಡತಿ, ನಾನು ಉಡುವ ಹಳೆ ಮುಂಡೊಂದನ್ನು ಹರಿದು, ಅರ್ಧವನ್ನು ಮಗಳ ಹೊಟ್ಟೆಗೆ ಕಟ್ಟಿ, ಉಳಿದ ಅರ್ಧವನ್ನು ಕಟ್ಟಿಗೆ ಕೋಣೆಯ ಬಾಗಿಲಿನಿಂದ ನನಗೆ ಎಸೆದಳು. ಒಳಗೆ ಬರಲಿಲ್ಲ. ಹೊಸಿಲಿನ ಆಚೆ ನಿಂತೇ ಕಲಿಸಿದಳು.

"ಕಾಲಿಗೆ ತೂತು ಮಾಡಿ, ನಾಲ್ಕು. ಹಾಂ. ಈಗ ಹೊಟ್ಟೆಯ ಅಡಿಯಿಂದ ತನ್ನಿ. ಗಂಟು ಬೆನ್ನಿನ ಮೇಲೆ. ಇನ್ನೂ ಬಿಗಿ. ಅಯ್ಯೋ, ಅಷ್ಟು ಬಿಗಿ ಅಲ್ಲ, ಅದಕ್ಕೆ ಉಸಿರು ಬೇಡವಾ? ನೀವು ಎಂತ, ಅಕ್ಕಿ ಮುಡಿ ಕಟ್ಟುವುದಾ?"

ಬಿಳಿ ಮೈಗೆ ಬಿಳಿ ಮುಂಡು ಕಟ್ಟಿಕೊಂಡು ಆ ನಾಯಿ ಮದುಮಗನ ಹಾಗೆ ಕಂಡಿತು. ಚಾಕ್ಕೆ ಬಂದವರೆಲ್ಲ ಕಟ್ಟಿಗೆ ಕೋಣೆಗೆ ಇಣುಕಿ ನೋಡಿ ಹೋಗುತ್ತಿದ್ದರು. "ಬಾಣಂತಿ ನೋಡಲು ಬರಿಗೈಯಲ್ಲಿ ಬರಬಾರದು" ಎಂದು ಒಬ್ಬ ಬಿಸ್ಕುಟ್ ಇಟ್ಟು ಹೋದ.

ನನ್ನ ಆ ಮಧ್ಯಾಹ್ನಗಳು! ಊಟದ ಹೊತ್ತಿನ ಬಸ್ಸು ಹೋದ ಮೇಲೆ ರಸ್ತೆ ಖಾಲಿ. ಹಂಚಿನ ನಡುವಿನ ಗಾಜಿನಿಂದ ಬಿಸಿಲಿನ ಒಂದು ಕೋಲು ಇಳಿದು ಕಟ್ಟಿಗೆಯ ಮೇಲೆ ನಿಲ್ಲುತ್ತಿತ್ತು. ಅದರೊಳಗೆ ಸಾಂಬ್ರಾಣಿಯ ಹೊಗೆ ನಿಧಾನಕ್ಕೆ ತಿರುಗುತ್ತಿತ್ತು. ನಾನು ಚಾಪೆಯ ಮೇಲೆ, ಒಂದು ಕೈ ಬುಟ್ಟಿಯೊಳಗೆ, ನಾಯಿಯ ಉಸಿರಿನ ಮೇಲೆ. ಆಚೆ ಹೆಂಡತಿ ಮಗುವನ್ನು ಕಾಲ ಮೇಲೆ ಮಲಗಿಸಿ ಏನೋ ಗುನುಗುತ್ತಿದ್ದಳು; ಪೊಳಲಿ ಕಡೆಯ ಅವಳ ತಾಯಿಮನೆಯಲ್ಲಿ ಕಲಿತದ್ದು, ಮಾತೇ ಇಲ್ಲ, ಬರೀ ರಾಗ. ನನಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಕೈಯ ಕೆಳಗಿನ ಉಸಿರು ನಾಯಿಯದ್ದೋ ಆಚೆಯ ಮಗುವಿನದ್ದೋ ಎಂದು ಗೊತ್ತಾಗದ ಹಾಗೆ ಆಗುತ್ತಿತ್ತು. ಕೆಲವೊಮ್ಮೆ ಇಪ್ಪತ್ತು ವರ್ಷ ಹಿಂದಿನ ಮಧ್ಯಾಹ್ನವೇ ಇದು, ಆಚೆ ಇರುವ ಮಗು ನನ್ನ ಮಗಳೇ, ಈಗ ಎದ್ದು ಹೋದರೆ ಹೆಂಡತಿಯ ತಲೆಯಲ್ಲಿ ಒಂದೂ ಬಿಳಿ ಕೂದಲು ಇರುವುದಿಲ್ಲ ಎಂದು ಅನ್ನಿಸಿಬಿಡುತ್ತಿತ್ತು. ಎದ್ದು ಹೋಗುವ ಹಾಗಿರಲಿಲ್ಲ, ಅದೇ ಒಳ್ಳೆಯದಾಯಿತು.

ಮಗುವನ್ನು ನೋಡಿದ್ದು ಒಮ್ಮೆ ಮಾತ್ರ, ಅಂಗಳದಲ್ಲಿ ನಿಂತು, ಕಿಟಕಿಯಿಂದ. ಹೆಂಡತಿ ಸುತ್ತಿದ ಬಟ್ಟೆಯಿಂದ ಒಂದು ಪಾದ ಹೊರಗೆ ತೆಗೆದು ತೋರಿಸಿದಳು. ನನ್ನ ಹೆಬ್ಬೆರಳಿನಷ್ಟು ಇದ್ದೀತು. ಅದರ ಅಡಿಯಲ್ಲಿ ಇನ್ನೂ ಯಾವ ನೆಲವೂ ತಾಗಿರಲಿಲ್ಲ. ನಾನು ಹೋಟೆಲಿಗೆ ಹೋಗಿ ಬಂದವರಿಗೆಲ್ಲ ಸಕ್ಕರೆ ಎರಡೆರಡು ಸಲ ಹಾಕಿದೆನಂತೆ.

ಎಡವಟ್ಟು ಆದದ್ದು ಇದೇ ಸಂತೋಷದಲ್ಲಿ.

ನಮ್ಮಲ್ಲಿ ಬಾಣಂತಿಗೆ ನೀರು ಹಾಕುವುದೆಂದರೆ ಸಾಮಾನ್ಯ ಸ್ನಾನ ಅಲ್ಲ. ದೊಡ್ಡ ಹಂಡೆಯಲ್ಲಿ ನೆಕ್ಕಿ ಎಂಬ ಗಿಡದ ಸೊಪ್ಪು ಹಾಕಿ ನೀರನ್ನು ಕುದಿ ಕುದಿ ಕಾಯಿಸಿ, ಮೈಗೆಲ್ಲ ಎಣ್ಣೆ ತಿಕ್ಕಿ, ಚೆಂಬಿನಲ್ಲಿ ಬೀಸಿ ಬೀಸಿ ಹೊಟ್ಟೆಗೆ ಸೊಂಟಕ್ಕೆ ಹೊಡೆಯುವುದು. ಹಾಗೆ ಹೊಡೆದರೆ ಒಳಗಿನ ನೋವೆಲ್ಲ ಇಳಿಯುತ್ತದೆ. ನಮ್ಮ ಸುತ್ತಿನಲ್ಲಿ ಆ ಕೈ ನನ್ನ ಹೆಂಡತಿಯದ್ದು. ಎಷ್ಟೋ ಮನೆಗಳಿಂದ ಅವಳನ್ನು ಕರೆಯಲು ಬರುತ್ತಿದ್ದರು. ಆವತ್ತು ಮಗಳಿಗೆ ನೀರು ಹಾಕಿ ಆದ ಮೇಲೂ ಹಂಡೆಯಲ್ಲಿ ನೀರು ಉಳಿದಿತ್ತು.

"ಅಮ್ಮ, ಅದಕ್ಕೂ ಒಮ್ಮೆ ಹಾಕಿ. ಅದರ ಒಳಗೂ ಖಾಲಿಯಾಗಿದೆಯಲ್ಲ, ನನ್ನ ಹಾಗೆಯೇ" ಎಂದಳು ಮಗಳು.

ಹೆಂಡತಿ ಬಚ್ಚಲಿನಿಂದ ಹೊರಗೆ ಬಂದು ನನ್ನ ಮುಖ ನೋಡಿದಳು. "ಡಾಕ್ಟ್ರು ಎಂತ ಹೇಳಿದ್ದು?"

"ಬಾಣಂತಿಯ ಹಾಗೆ ನೋಡಬೇಕು ಅಂತ."

"ಮತ್ತೆ ನೀರು ಹಾಕದೆ ಇಷ್ಟು ದಿನ ಎಂತ ನೋಡಿದ್ದು ನೀವು? ತನ್ನಿ ಇಲ್ಲಿ. ಒಳ್ಳೆ ಸೊಪ್ಪಿನ ನೀರು, ಚೆಲ್ಲುವುದು ಎಂತಕ್ಕೆ."

ನೀರು ಹಾಕಬೇಡಿ ಎಂದು ಡಾಕ್ಟರು ಹೇಳಿರಲಿಲ್ಲ. ಹೊಲಿಗೆ ಹಾಕಿದ ನಾಯಿಯ ಹೊಟ್ಟೆಗೆ ಬಿಸಿನೀರು ಬೀಸಿ ಹೊಡೆಯುವ ಜನ ಘಟ್ಟದ ಕೆಳಗೆ ಇದ್ದಾರೆಂದು ಅವರಿಗೆ ಹೇಗೆ ಗೊತ್ತು! ನಾನು ನಾಯಿಯ ಬಾಯಿ ಹಿಡಿದುಕೊಂಡೆ. ಹೆಂಡತಿ ತನ್ನ ಕೈಯಿಂದಲೇ ಎಣ್ಣೆ ಸವರಿದಳು, ತನ್ನ ಕೈಯಿಂದಲೇ ನೀರು ಹಾಕಿದಳು. ನಾಯಿಗೆ ತಕ್ಕ ಹದ ನೋಡಿ, ಮೊಣಕೈ ಅದ್ದಿ ನೋಡಿ, ಬಹಳ ಪ್ರೀತಿಯಿಂದ. ಅದು ನಡುಗಿತು, ಆದರೆ ಹಲ್ಲು ತೋರಿಸಲಿಲ್ಲ. ಒರೆಸಿ, ಬಟ್ಟೆ ಕಟ್ಟಿ, ಸಾಂಬ್ರಾಣಿ ಹೊಗೆ ತೋರಿಸಿ ಮಲಗಿಸಿದೆವು. ಕೂಡಲೇ ನಿದ್ದೆ ಹೋಯಿತು. "ನೋಡಿದ್ರಾ ಮುಖದ ಕಳೆ!" ಎಂದಳು ಹೆಂಡತಿ. ಆಮೇಲೆ ಅವಳು ಮಿಂದು ಒಳಗೆ ಹೋಗಿ ಮಗುವನ್ನು ಎತ್ತಿಕೊಂಡಳು.

ಬೆಳಿಗ್ಗೆ ಬಟ್ಟೆ ಬಿಚ್ಚಿ ನೋಡಿದರೆ ಗಾಯ ಕೆಂಪಾಗಿ ಉಬ್ಬಿತ್ತು. ಒಂದು ಕಡೆ ಹೊಲಿಗೆ ಬಿಟ್ಟು ನೀರು ಒಸರುತ್ತಿತ್ತು. ಗಂಜಿಯ ತಿಳಿ ಇಟ್ಟರೆ ನೋಡಲಿಲ್ಲ. ಬಿಸ್ಕುಟ್ ಮೂಗಿಗೆ ಹಿಡಿದರೆ ಕಣ್ಣು ಮುಚ್ಚಿಕೊಂಡಿತು. ಆಚೆ ಮಗು ಅತ್ತಿತು. ಕಿವಿ ಏಳಲಿಲ್ಲ.

ಮೊದಲ ಬಸ್ಸಿಗೇ ಹೋದೆ. ಕಂಡಕ್ಟರ್ ಬುಟ್ಟಿಯೊಳಗೆ ನೋಡಿ, ತಮಾಷೆಗೆ ತೆರೆದ ಬಾಯಿ ಮುಚ್ಚಿ, ಕಿಟಕಿಯ ಗಾಳಿ ಬರದ ಕಡೆ ಸೀಟು ಬಿಡಿಸಿ ಕೊಟ್ಟ.

ಡಾಕ್ಟರು ಬಟ್ಟೆ ಬಿಚ್ಚಿ ಮೂಸಿದರು. "ಇದೇನ್ರೀ ಎಣ್ಣೆ ವಾಸನೆ?"

ನಾನು ಹೇಳಿದೆ. ಎಣ್ಣೆ, ಸೊಪ್ಪು, ಚೆಂಬು, ಎಲ್ಲ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಕುರ್ಚಿಯಲ್ಲಿ ಕೂತುಬಿಟ್ಟರು.

"ಯಜಮಾನ್ರೇ, ಬಾಣಂತಿ ಥರ ಅಂದ್ರೆ ಬೆಚ್ಚಗೆ ಮಲಗಿಸಿ ಅಂತ ಕಣ್ರೀ ನಾನು ಹೇಳಿದ್ದು! ನೀರು ಹುಯ್ಯಿರಿ ಅಂದ್ನಾ?"

"ನಮ್ಮಲ್ಲಿ ನೀರು ಹಾಕದೆ ಬಾಣಂತನ ಇಲ್ಲ ಸ್ವಾಮಿ."

ಅವರಿಗೆ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಗಾಯ ತೊಳೆದು, ಪುಡಿ ಉದುರಿಸಿ, ಬಿಟ್ಟ ಕಡೆ ಮತ್ತೆ ಹೊಲಿದು, ಇಂಜೆಕ್ಷನ್ ಚುಚ್ಚಿದರು. ಆಮೇಲೆ ಮೆಲ್ಲಗೆ ಹೇಳಿದರು: "ನಂಜು ಒಳಗೆ ಇಳಿದಿಲ್ಲ ಅನ್ಕೋತೀನಿ. ನಾಳೆ ಸಂಜೆಯೊಳಗೆ ತಾನಾಗೇ ಏನಾದ್ರೂ ತಿಂದ್ರೆ ಭಯ ಇಲ್ಲ. ತಿನ್ನದೇ ಹೋದ್ರೆ, ಇಷ್ಟು ಸಣ್ಣ ಜೀವ, ಕಷ್ಟ. ಹೊಟ್ಟೆಗೆ ಕಟ್ಟಿದ ಬಟ್ಟೆ ಮಾತ್ರ ಚೆನ್ನಾಗಿದೆ. ಅದನ್ನ ಬಿಡ್ಬೇಡಿ."

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು. ಬಹಳ ಹೊತ್ತು ಕಟ್ಟಿಗೆ ಕೋಣೆಯ ಹೊಸಿಲಲ್ಲಿ ಕೂತಳು. ಗೋಡೆಯ ಆಚೆಯಿಂದ ಮಗಳ ಧ್ವನಿ: "ಅಮ್ಮ, ಅದು ತಿಂದಿತಾ?" ಸ್ವಲ್ಪ ಹೊತ್ತು ಬಿಟ್ಟು ಮತ್ತೆ: "ಅಪ್ಪ, ತಿಂದಿತಾ?" ಅವಳೂ ಆವತ್ತು ಗಂಜಿಯನ್ನು ಹಾಗೆಯೇ ಇಟ್ಟಳಂತೆ.

ಹೆಂಡತಿ ನಾಯಿಯನ್ನು ಮುಟ್ಟಿದ್ದಳು, ಮಿಂದು ಮಗುವನ್ನು ಎತ್ತಿದ್ದಳು. ಅದು ನನಗೆ ಹೊಳೆದಿತ್ತು. ಆದರೆ ಬಾಯಿ ಬಿಡಲಿಲ್ಲ. ಬಿಟ್ಟರೆ ಅವಳಿಗೆ ಹೆದರಿಕೆ ಹತ್ತಿ ತಾನೂ ಮಗುವಿನಿಂದ ದೂರ ಕೂರುವಳು. ಆಮೇಲೆ ಒಳಗಿನ ಬಾಣಂತಿಗೆ ಯಾರು?

ಮರುದಿನ ಬೆಳಿಗ್ಗೆಯೂ ಅದು ತಿನ್ನಲಿಲ್ಲ. ನಾನು ಚಾ ಮಾಡಿದೆ, ಕೊಟ್ಟೆ, ಲೋಟ ತೊಳೆದೆ. ಹತ್ತು ಸಲ ಹೋಗಿ ಬುಟ್ಟಿ ನೋಡಿದೆ ಎನ್ನಲೂ ಆಗದು, ಅಲ್ಲಿಂದ ಬಂದದ್ದೇ ಕಡಿಮೆ. ಮಧ್ಯಾಹ್ನದ ಬಸ್ಸು ಹೋಯಿತು. ಬಿಸಿಲಿನ ಕೋಲು ಕಟ್ಟಿಗೆಯ ಮೇಲೆ ಇಳಿಯಿತು. ನಾನು ಕೈ ಬುಟ್ಟಿಯೊಳಗೆ ಇಟ್ಟು ಮಲಗಿದೆ. ಉಸಿರು ಇತ್ತು, ಬಹಳ ತೆಳು, ಹೂವಿನ ಎಸಳಿನ ಹಾಗೆ ಕೈಗೆ ತಾಗಿ ಹೋಗುತ್ತಿತ್ತು. ಮಲಗುವುದಿಲ್ಲ ಎಂದುಕೊಂಡೇ ಮಲಗಿದ್ದು. ಮಂಜಿನ ಸೇತುವೆಯ ಮೇಲೆ ಬಸ್ಸು ಹೋಗುತ್ತಿತ್ತು, ನಿಲ್ಲುತ್ತಲೇ ಇರಲಿಲ್ಲ. ಯಾರೋ ದೂರದಲ್ಲಿ ಅಳುತ್ತಿದ್ದರು. ಕಂಡಕ್ಟರ್ ಬಂದು, ಅಣ್ಣ, ನಿಮ್ಮದು ಇಳಿದು ಹೋಯಿತು, ಎಂದ.

ಎಚ್ಚರವಾಯಿತು. ಕೈಯ ಕೆಳಗೆ ಬುಟ್ಟಿ ಖಾಲಿ.

ಮಗು ನಿಜವಾಗಿಯೂ ಅಳುತ್ತಿತ್ತು, ಹೊಸ ತಿರುಗಣೆಯ ಆ ಕಿರುಗುಟ್ಟುವ ಸದ್ದು. ನಾನು ಕಟ್ಟಿಗೆಯ ಸಂದಿಯಲ್ಲಿ ನೋಡಿದೆ, ಒಲೆಯ ಹಿಂದೆ ನೋಡಿದೆ. ಸಾಯುವಾಗ ನಾಯಿಗಳು ಮೂಲೆ ಹುಡುಕುತ್ತವೆ, ಅದು ನನಗೆ ಗೊತ್ತು. ಬಚ್ಚಲಿನ ಕಡೆ ಹೋದೆ. ಅಲ್ಲೂ ಇಲ್ಲ. ಒಳಗಿನ ಓಣಿಗೆ ಬಂದಾಗ ಕಂಡಿತು. ಬಾಣಂತಿ ಕೋಣೆಯ ಹೊಸಿಲಿನ ಈಚೆ, ಮುಂಡು ಕಟ್ಟಿದ ಹೊಟ್ಟೆಯನ್ನು ನೆಲಕ್ಕೆ ತಾಗಿಸದ ಹಾಗೆ ಓರೆಯಾಗಿ ಮಲಗಿ, ಗಲ್ಲವನ್ನು ಹೊಸಿಲಿನ ಮೇಲೆ ಇಟ್ಟು, ಎರಡು ಕಿವಿಗಳನ್ನೂ ಎತ್ತಿ ಅದು ಒಳಗೆ ನೋಡುತ್ತಿತ್ತು. ಅಳುವ ಮಗುವನ್ನು ಹುಡುಕಿಕೊಂಡು ಬಂದಿತ್ತು. ಅದು ತನ್ನ ಮರಿ ಅಲ್ಲವೆಂದು ಅದಕ್ಕೆ ಯಾರು ಹೇಳಬೇಕು?

ಹೆಂಡತಿ ಒಳಗೆ ನಿಂತಿದ್ದಳು. ಕೈಯಲ್ಲಿ ಮಗು. ನಾಯಿಯನ್ನು ಓಡಿಸಲಿಲ್ಲ. ಮಗಳು ಚಾಪೆಯ ಮೇಲೆ ಊಟಕ್ಕೆ ಕೂತಿದ್ದಳು; ಬಟ್ಟಲಲ್ಲಿ ಅನ್ನ, ಸುಟ್ಟ ಒಣಮೀನು. ಅವಳು ಕೂತಲ್ಲಿಂದಲೇ ಮುಂದೆ ಜರುಗಿ, ಒಂದು ತುತ್ತಿಗೆ ಮೀನಿನ ಚೂರು ಸೇರಿಸಿ ಹೊಸಿಲಿನ ಮೇಲೆ ಇಟ್ಟಳು. "ಬಾ ಅಮ್ಮಾ" ಎಂದಳು.

ನಾಯಿ ಮೂಸಿತು. ನಾಲಿಗೆ ಹಾಕಿತು. ಮೀನನ್ನು ಬಿಟ್ಟು ಅನ್ನ ನೆಕ್ಕಿತು, ಆಮೇಲೆ ಮೀನನ್ನೂ ತಿಂದಿತು, ಆಮೇಲೆ ಹೊಸಿಲಿನ ಮರವನ್ನೇ ನೆಕ್ಕಿ ನೆಕ್ಕಿ ಒರೆಸಿ, ಇನ್ನುಂಟಾ ಎಂದು ಮಗಳ ಮುಖ ನೋಡಿತು.

ಮಗಳು ಅಳುತ್ತಾ ನಗುತ್ತಾ ತಾನೂ ಒಂದು ತುತ್ತು ಬಾಯಿಗೆ ಹಾಕಿದಳು. ಅದಕ್ಕೊಂದು, ಅವಳಿಗೊಂದು. ಹಾಗೆ ಇಬ್ಬರು ಬಾಣಂತಿಯರೂ ಒಂದೇ ಬಟ್ಟಲು ಖಾಲಿ ಮಾಡಿದರು.

ಹೆಂಡತಿ ನನ್ನ ಕಡೆ ತಿರುಗಿದಳು. ನಾನು ಓಣಿಯಲ್ಲೇ ಇದ್ದೆ, ಹೊಸಿಲಿಗೆ ಅಷ್ಟು ದೂರ ಬಿಟ್ಟು, ಅವಳು ಹಾಕಿದ ಗೆರೆ ಮೀರದೆ. ನನ್ನ ಮುಖದಲ್ಲಿ ಏನಿತ್ತೋ.

"ಎಂತ ನೋಡುವುದು?" ಎಂದಳು. "ನಾನೂ ಅದನ್ನು ಮುಟ್ಟಿದ್ದೇನೆ. ಮಿಂದು ಮಗುವನ್ನೂ ಎತ್ತಿದ್ದೇನೆ. ಎರಡು ದಿನದಿಂದ ನಿಮಗೆ ಅದು ಗೊತ್ತುಂಟು, ಹೇಳಲಿಲ್ಲ ನೀವು."

ನಾನು ಹೊಸಿಲಿನ ನಾಯಿಯ ಕಡೆ ಕಣ್ಣು ತಿರುಗಿಸಿದೆ.

"ಹೋಗಿ, ಮಿಂದು ಬನ್ನಿ. ಹಂಡೆಯಲ್ಲಿ ನೀರು ಉಂಟು. ಬೇಗ, ನನ್ನ ಮನಸ್ಸು ಬದಲಾಗುವ ಮೊದಲು."

"ಹೊಲಿಗೆ ಇನ್ನೂ ತೆಗೆದಿಲ್ಲ ಅಲ್ವಾ?" ಎಂದುಬಿಟ್ಟೆ ನಾನು, ಪೆದ್ದ.

"ಹಾಗಾದರೆ ಶುಕ್ರವಾರ ಬನ್ನಿ!"

ನಾನು ಬಚ್ಚಲಿಗೆ ಓಡಿದೆ. ಆ ವಯಸ್ಸಿನಲ್ಲಿ ಓಡಿದ್ದು ಅದೊಂದೇ ಸಲ. ಮಗಳಿಗೆ ಕಾಯಿಸಿದ ಸೊಪ್ಪಿನ ನೀರು ಇನ್ನೂ ಬಿಸಿಯಿತ್ತು. ಚೆಂಬು ಚೆಂಬು ತಲೆಗೆ ಸುರಿದುಕೊಂಡೆ. ಒಳಗಿನ ನೋವೆಲ್ಲ ಇಳಿಯುತ್ತದೆ ಎನ್ನುತ್ತಾರಲ್ಲ, ನಿಜ. ಒಗೆದ ಮುಂಡು ಉಟ್ಟು, ನೀರು ತೊಟ್ಟಿಕ್ಕುವ ತಲೆಯಲ್ಲೇ ಬಂದು, ನಾಯಿಯನ್ನು ಮುಟ್ಟದ ಹಾಗೆ ಅದರ ಮೇಲಿನಿಂದ ಕಾಲು ಎತ್ತಿ ಹಾಕಿ ಒಳಗೆ ಹೋಗಿ ಚಾಪೆಯ ಮೇಲೆ ಚಕ್ಕಳ ಬಕ್ಕಳ ಕೂತೆ. ಹೆಂಡತಿ ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಳು.

ಅದರ ತೂಕವನ್ನು ಏನೆಂದು ಬರೆಯಲಿ? ಬುಟ್ಟಿಯ ನಾಯಿಯಷ್ಟೇ ಇತ್ತು, ಅದಕ್ಕಿಂತ ಕಡಿಮೆ ಇತ್ತು, ಏನೂ ಇರಲಿಲ್ಲ. ಅಳು ನಿಲ್ಲಿಸಿ, ಒಂದು ಕಣ್ಣು ಸ್ವಲ್ಪ ತೆರೆದು, ನನ್ನನ್ನೋ ನನ್ನ ಹಿಂದಿನ ಹೊಗೆಯನ್ನೋ ನೋಡಿತು. ಮೂಗು ನನ್ನದೇ, ಪಾಪ. ನಾನು ಕೈ ಬೆರಳು ಕೊಟ್ಟೆ, ಹಿಡಿಯಿತು. ಬಿಡಲಿಲ್ಲ.

ರಸ್ತೆಯಲ್ಲಿ ಸಂಜೆಯ ಬಸ್ಸು ಬಂದು ನಿಂತು ಹಾರ್ನ್ ಹಾಕಿತು. ಡ್ರೈವರಿಗೆ ನನ್ನ ಚಾ ಆಗಬೇಕು. ಇನ್ನೊಮ್ಮೆ ಹಾಕಿತು. ಹೋಟೆಲಿನಿಂದ ಯಾರೋ ಕೂಗಿದರು: "ಅಣ್ಣ, ಒಲೆ ಆರಿ ಹೋಗಿದೆ!"

"ಎಬ್ಬಿಸಲಾ ನಿಮ್ಮನ್ನು?" ಎಂದು ಕೇಳಿದಳು ಹೆಂಡತಿ.

ಹೊಸಿಲಿನ ಮೇಲೆ ಗಲ್ಲ ಇಟ್ಟು ನಾಯಿ ನಿದ್ದೆ ಹೋಗಿತ್ತು, ಹೊಟ್ಟೆ ತುಂಬಿದ ನಿದ್ದೆ. ನನ್ನ ಹಳೆ ಮುಂಡಿನ ಗಂಟು ಅದರ ಬೆನ್ನಿನ ಮೇಲೆ ಮೇಲಕ್ಕೆ ಕೆಳಕ್ಕೆ ಹೋಗುತ್ತಿತ್ತು. ಬೇಡ ಎಂದು ತಲೆಯಾಡಿಸಿದೆ. ಬಸ್ಸು ಸ್ವಲ್ಪ ಹೊತ್ತು ಕಾದು, ಚಾ ಇಲ್ಲದೆಯೇ ಬೆಳ್ತಂಗಡಿ ಕಡೆಗೆ ಹೋಯಿತು.